ಹಂಡೆಯಲ್ಲಿ ಬೆಂದ ವಿಜ್ಞಾನ

ದಕ್ಷಿಣ ಕಡಲಂಚಿನ ಹೋಬಾರ್ಟ್ ಬಂದರಿನಲ್ಲಿ ದೀಪಸ್ತಂಭಕ್ಕೆ ಎಷ್ಟು ಹೆಸರಿತ್ತೋ ಜೆರೂಷಾ ಬ್ಲೇಡನ್ ಎಂಬವಳ ಮೂಗಿಗೂ ಅಷ್ಟೇ ಹೆಸರಿತ್ತು. ನೋಡುವುದಕ್ಕೇನೂ ದೊಡ್ಡ ಮೂಗಲ್ಲ. ಆದರೆ ಹಡಗು ನದಿಯ ತಿರುವು ದಾಟುವ ಮೊದಲೇ ಅದರ ಹೊಟ್ಟೆಯಲ್ಲಿರುವುದು ಉಣ್ಣೆಯೋ, ಸಕ್ಕರೆಯೋ, ತಿಮಿಂಗಿಲದ ಎಣ್ಣೆಯೋ ಎಂದು ಅವಳು ಹಿತ್ತಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಹಲವರಿಗೆ ಕೈ ಕೊಡುತ್ತಾನೆ. ಜೆರೂಷಾಳಿಗೆ ಮೂಗು ಕೊಟ್ಟಿದ್ದ. ಕೊಟ್ಟವನು ಅದನ್ನು ಎಂಥ ಮನೆಯಲ್ಲಿ ಇಡುತ್ತಿದ್ದೇನೆಂದು ಮಾತ್ರ ನೋಡಲಿಲ್ಲ.

ಅವಳ ಅಪ್ಪ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಕೊಬ್ಬು ಕಾಯಿಸುವವನು. ವರ್ಷಗಟ್ಟಲೆ ಕಡಲಲ್ಲಿದ್ದು ಮನೆಗೆ ಬರುತ್ತಿದ್ದ. ಅವನಿಗಿಂತ ಮೊದಲು ಅವನ ನಾತ ಬರುತ್ತಿತ್ತು, ಅವನು ಹೊರಟುಹೋದ ಮೇಲೂ ಅದು ಹೊರಡುತ್ತಿರಲಿಲ್ಲ. ಅಮ್ಮನ ಕೂದಲಲ್ಲಿ, ಹಾಸಿಗೆಯಲ್ಲಿ, ಬ್ರೆಡ್ಡಿನಲ್ಲಿ, ಕೊನೆಗೆ ಬೈಬಲ್ಲಿನ ಹಾಳೆಗಳ ಸಂದಿನಲ್ಲೂ ಅದೇ ಕಮಟು. ಅಪ್ಪ ಮುದ್ದಿನಿಂದ ಎತ್ತಿಕೊಂಡಾಗ ಉಸಿರು ಬಿಗಿಹಿಡಿಯುವುದನ್ನು ಅವಳು ನಡೆಯುವುದಕ್ಕಿಂತ ಮೊದಲೇ ಕಲಿತಿದ್ದಳು.

ಅವಳು ಮದುವೆಯಾಗುವ ವಯಸ್ಸಿಗೆ ಬಂದಾಗ ಸೈಲಸ್ ಬ್ಲೇಡನ್ ಎಂಬವನು ಸೇಬಿನ ತೋಟದಲ್ಲಿ ಕೆಲಸಕ್ಕಿದ್ದ. ಹುಡುಗನಿಗಿಂತ ಹೆಚ್ಚಾಗಿ ಸೇಬಿಗೆ ಮರುಳಾಗಿ ಅವಳು ಒಪ್ಪಿದಳು. ಆದರೆ ಸೈಲಸ್ ಹೆಚ್ಚಿನ ಕೂಲಿಯಾಸೆಗೆ ಬಿದ್ದು, ದಕ್ಷಿಣದ ಒಂದು ದ್ವೀಪಕ್ಕೆ ಪೆಂಗ್ವಿನ್ ಬೇಯಿಸಿ ಎಣ್ಣೆ ತೆಗೆಯುವ ಕೆಲಸಕ್ಕೆ ಹೋದ. ಊರಿಗೆ ಬಂದಾಗಲೆಲ್ಲ ಅವಳು ಅವನನ್ನು ಹಿತ್ತಲಲ್ಲೇ ನಿಲ್ಲಿಸಿ, ಬಟ್ಟೆ ಕಳಚಿಸಿ, ಕುದುರೆಯನ್ನು ಉಜ್ಜುವಂತೆ ಉಜ್ಜಿ, ಆಮೇಲೆ ಒಳಕ್ಕೆ ಬಿಡುತ್ತಿದ್ದಳು. ಒಂದು ಸಲ ಅವನು ಬರಲಿಲ್ಲ. ದೋಣಿ ಮಗುಚಿತ್ತು. ಬಂದದ್ದು ಅವನ ಟ್ರಂಕು. ಮುಚ್ಚಳದ ಸಂದಿನಿಂದ ಹೊರಟ ವಾಸನೆಗೇ ಅವಳಿಗೆ ವಾಕರಿಕೆ ಬಂತು. ಬೀಗ ತೆಗೆಯದೆಯೇ ಬೇಲಿಯ ಪಕ್ಕ ಹೂಳಿಸಿದಳು. ಪಾದ್ರಿಗಳು ಪ್ರಾರ್ಥನೆಯನ್ನೂ ಹೇಳಿದರು, ಕರವಸ್ತ್ರದೊಳಗಿಂದ.

ಆಮೇಲೆ ಜೆರೂಷಾ ಬಟ್ಟೆ ಒಗೆಯುವ ಕಸುಬು ಹಿಡಿದಳು. ಬೇರೆ ಹೆಂಗಸರು ಹೊಟ್ಟೆಪಾಡಿಗೆ ಒಗೆದರೆ ಇವಳು ಸೇಡಿಗೆ ಒಗೆದಳು. ಸೋಪು, ಸೋಡ, ನೀಲಿ, ಗಂಜಿ, ಬಂದರಿನ ಗುಡ್ಡದ ಮೇಲಿನ ಗಾಳಿ: ಇಷ್ಟರಲ್ಲಿ ಅವಳ ಲೋಕ ಶುದ್ಧವಾಯಿತು. ವಕೀಲರ ಕಾಲರು, ಪಾದ್ರಿಗಳ ಬಿಳಿ ನಿಲುವಂಗಿ, ವೈದ್ಯರ ಮನೆಯ ಮೇಜುಬಟ್ಟೆ ಎಲ್ಲ ಅವಳಲ್ಲಿಗೇ ಬರುತ್ತಿದ್ದವು. ಹಿತ್ತಲ ಕೊಟ್ಟಿಗೆಯಲ್ಲಿ ಇಟ್ಟಿಗೆಯ ಒಲೆಯ ಮೇಲೆ ಕೂರಿಸಿದ್ದ ದೊಡ್ಡ ತಾಮ್ರದ ಹಂಡೆಯೇ ಅವಳ ಆಸ್ತಿ. ಆ ಬೀದಿಯಲ್ಲಿ ಹಂಡೆಗೆ ಒಂದೇ ಕೆಲಸವೆಂದೇನಿರಲಿಲ್ಲ. ಸೋಮವಾರ ಬಟ್ಟೆ ಕುದಿಯುತ್ತಿತ್ತು, ಶನಿವಾರ ಸ್ನಾನದ ನೀರು ಕಾಯುತ್ತಿತ್ತು, ಮೀನು ಹೆಚ್ಚು ಸಿಕ್ಕ ದಿನ ದೊಡ್ಡ ಸಿಗಡಿ ಬೇಯುತ್ತಿತ್ತು, ಕ್ರಿಸ್ಮಸ್ಸಿಗೆ ಪುಡ್ಡಿಂಗು ಕುದಿಯುತ್ತಿತ್ತು. ಒಣದ್ರಾಕ್ಷಿ, ಹಿಟ್ಟು, ದನದ ಕೊಬ್ಬು, ಬ್ರಾಂದಿ ಕಲಸಿ ಬಟ್ಟೆಯಲ್ಲಿ ಗಂಟು ಕಟ್ಟಿದ ಆ ಗುಂಡುಕಲ್ಲನ್ನು ಬೇಯಿಸುವಷ್ಟು ದೊಡ್ಡ ಪಾತ್ರೆ ಹಂಡೆ ಬಿಟ್ಟರೆ ಯಾರ ಮನೆಯಲ್ಲಿತ್ತು? ನಡುವೆ ಮರಳು, ಉಪ್ಪು, ವಿನಿಗರ್ ಹಾಕಿ ಉಜ್ಜಿದರೆ ಮುಗಿಯಿತು. ಹಂಡೆಗೆ ಮೈಲಿಗೆಯಿಲ್ಲ ಎಂಬುದು ಆ ಬೀದಿಯ ಶಾಸ್ತ್ರ. ಜೆರೂಷಾಳದು ಮಾತ್ರ ಕಟ್ಟುನಿಟ್ಟು: ಬಟ್ಟೆ ಮತ್ತು ಪುಡ್ಡಿಂಗು, ಮೂರನೆಯದು ಯಾವುದೂ ಕೂಡದು. ದಿನವಿಡೀ ಬಟ್ಟೆ ಮಡಿಸುವವಳಿಗೆ ಇಷ್ಟಾದರೂ ಮಡಿ ಬೇಡವೆ?

ಇಂಥವಳ ಮನೆಯ ಮುಂದಿನ ಕೋಣೆಗೆ ಈನಾಕ್ ಟ್ರೆಲೋರ್ ಬಾಡಿಗೆಗೆ ಬಂದ. ನಲವತ್ತು ದಾಟಿದ್ದ, ಮೆತ್ತನೆಯ ಮಾತಿನ, ಉಗುರು ಕತ್ತರಿಸಿದ ಮನುಷ್ಯ. ಊರಿನ ಹಳೆಯ ಎಣ್ಣೆ ವ್ಯಾಪಾರಿಯೊಬ್ಬ ಕಟ್ಟಿಸಿಹೋಗಿದ್ದ ಕಾರ್ಟರೆಟ್ ಮ್ಯೂಸಿಯಮ್ಮಿನಲ್ಲಿ ಕೆಲಸ.

"ಅಲ್ಲಿ ಏನ್ ಕೆಲಸ ಮಾಡ್ತೀರಿ ಮಿಸ್ಟರ್ ಟ್ರೆಲೋರ್?"

"ಒಳಗಿರೋದನ್ನ ಹೊರಗೆ ತೆಗೆಯೋದು, ಅಷ್ಟೇ ಕಣ್ರೀ."

ಕಪಾಟಿನಿಂದ ಸಾಮಾನು ತೆಗೆದು ಧೂಳು ಹೊಡೆಯುವವನಿರಬೇಕು ಎಂದುಕೊಂಡಳು. ಸಂಜೆ ಹೊತ್ತು ಟೀ ಕುಡಿಯುತ್ತ ಮಾತು ಬೆಳೆಯಿತು. ಚಳಿಗಾಲ ಕಳೆಯುವ ಹೊತ್ತಿಗೆ ಅವನ ಕುರ್ಚಿ ಅವಳ ಕುರ್ಚಿಯ ಹತ್ತಿರ ಬಂದಿತ್ತು. ಆಗೊಂದು ದಿನ ಮ್ಯೂಸಿಯಮ್ಮಿನ ಪರದೆ ಒಗೆದು ತಲುಪಿಸಲು ಹೋದವಳು ಹಿಂದಿನ ಬಾಗಿಲಿಗೆ ಹೋದಳು. ಅಂಗಳದಲ್ಲಿ ಈನಾಕ್ ಅಂಗಿಯ ತೋಳು ಮಡಿಚಿಕೊಂಡು, ಹಬೆಯಾಡುವ ಕಬ್ಬಿಣದ ತೊಟ್ಟಿಯೊಳಗಿಂದ ಕೊಕ್ಕೆಯಲ್ಲಿ ಏನನ್ನೋ ಮೇಲೆತ್ತುತ್ತಿದ್ದ. ಅದು ಒಂದು ಕಾಲದಲ್ಲಿ ಡಾಲ್ಫಿನ್ ಆಗಿತ್ತು. ಮಾಂಸ ದಾರದಾರವಾಗಿ ಜಾರಿ ಬೀಳುತ್ತಿತ್ತು, ಒಳಗಿನಿಂದ ಎಲುಬು ಹೊರಗೆ ಬರುತ್ತಿತ್ತು. ಜೆರೂಷಾ ಅಲ್ಲೇ ಇದ್ದ ಗುಲಾಬಿ ಗಿಡದ ಬುಡಕ್ಕೆ ಬೆಳಗಿನ ತಿಂಡಿಯನ್ನು ಅರ್ಪಿಸಿ ಮನೆಗೆ ಓಡಿಬಂದಳು.

ಸಂಜೆ ಅವನು ಗೇಟಿನ ಹೊರಗೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಸುಳ್ ಹೇಳ್ಲಿಲ್ಲ ನಾನು. ಪೂರ್ತಿ ಹೇಳ್ಲಿಲ್ಲ ಅಷ್ಟೇ," ಎಂದ. "ನಂಗೆ ವಾಸ್ನೇನೇ ತಿಳಿಯೋದಿಲ್ಲ. ಆ ತೊಟ್ಟಿ ಪಕ್ಕ ನಿಂತೂ ನಿಂತೂ ಯಾವತ್ತೋ ಹೋಯ್ತು. ನಿಮ್ ಮೂಗಿನ ಸುದ್ದಿ ಊರೆಲ್ಲ ಹೇಳ್ತು. ಅದಕ್ಕೇ ದಿನಾ ಅಲ್ಲೇ ಕಾರ್ಬಾಲಿಕ್ ಸೋಪಲ್ಲಿ ಮಿಂದು, ಬಟ್ಟೆ ಬದಲಾಯ್ಸಿ ಬರ್ತಿದ್ದೆ."

ಅವನನ್ನು ಓಡಿಸಬೇಕೆಂದೇ ಬಾಗಿಲಿಗೆ ಬಂದಿದ್ದಳು. ಆದರೆ ಇಷ್ಟು ತಿಂಗಳು ಪಕ್ಕದಲ್ಲಿ ಕೂತವನ ಕಸುಬು ತನ್ನ ಮೂಗಿಗೆ ಗೊತ್ತಾಗಲಿಲ್ಲವೆಂದರೆ ಅವನು ಎಷ್ಟು ಉಜ್ಜಿಕೊಂಡಿರಬೇಡ! ಅಪ್ಪನಾಗಲಿ ಗಂಡನಾಗಲಿ ಅವಳ ಮೂಗಿಗಾಗಿ ಒಂದು ಬೊಗಸೆ ನೀರನ್ನೂ ತಾವಾಗಿ ಸುರಿದುಕೊಂಡವರಲ್ಲ. ಈಸ್ಟರ್ ಕಳೆದ ಮೇಲೆ ಮದುವೆ ಎಂದು ಮಾತಾಯಿತು. ಅವಳದು ಒಂದೇ ಕರಾರು.

"ನಿಮ್ ಕೆಲಸ ಈ ಗೇಟು ದಾಟಬಾರ್ದು. ಮೂಳೆಯಾಗ್ಲಿ, ಚರ್ಮವಾಗ್ಲಿ, ಒಂದ್ ಗರಿಯಾಗ್ಲಿ. ದಾಟಿದ ದಿನ ನೀವೂ ದಾಟಿಬಿಡಿ, ಆಚೆ ಕಡೆಗೆ."

"ದೇವರಾಣೆ," ಎಂದ ಈನಾಕ್.

ಮಾರ್ಚ್ ತಿಂಗಳಲ್ಲಿ ದಕ್ಷಿಣದ ಹಿಮಖಂಡಕ್ಕೆ ಶೋಧನೆಗೆಂದು ಹೋಗಿದ್ದ ಹಡಗು ಹಿಂದಿರುಗಿತು. ಎರಡು ವರ್ಷ ಅಲ್ಲಿದ್ದವರು. ಮೂವರನ್ನು ಅಲ್ಲೇ ಬಿಟ್ಟುಬಂದಿದ್ದರು, ಮಂಜಿನಡಿ. ಬ್ಯಾಂಡು ಬಾರಿಸಿತು, ಮೇಯರ್ ಟೋಪಿ ಬೀಸಿದರು, ಮ್ಯೂಸಿಯಮ್ಮಿನ ಮುಖ್ಯ ವಿದ್ವಾಂಸ ಡಾಕ್ಟರ್ ಥಿರ್ಕಲ್ ಭಾಷಣ ಮಾಡಿದರು: ಗಾಳಿಯ ಲೆಕ್ಕ, ಕಾಂತಶಕ್ತಿಯ ಲೆಕ್ಕ, ಕಡಲಾಳದ ಕೆಸರು, ಯಾರೂ ಕಾಣದ ಪ್ರಾಣಿಗಳು, ಮುಂದಿನ ನೂರು ವರ್ಷದ ವಿದ್ವಾಂಸರು ಈ ಪೀಪಾಯಿಗಳಿಂದ ಉಣ್ಣುತ್ತಾರೆ ಎಂದರು. ಆ ಪೀಪಾಯಿಗಳನ್ನು ಇಳಿಸತೊಡಗಿದಾಗ ಜನ ಉಣ್ಣುವ ಮಾತು ಮರೆತರು. ಉಪ್ಪಲ್ಲಿ, ಸ್ಪಿರಿಟ್ಟಿನಲ್ಲಿ ಅದ್ದಿಟ್ಟಿದ್ದ ಕಡಲಪ್ರಾಣಿಗಳಾದ ಸೀಲ್‌ಗಳ ತಲೆ, ಪೆಂಗ್ವಿನ್ ಚರ್ಮ, ಮೀನು, ಕರುಳು. ಆ ದಿಕ್ಕಿನಲ್ಲಿ ಮಾರ್ಚ್ ಎಂದರೆ ಬೇಸಿಗೆಯ ಕೊನೆ; ಆ ಬಿಸಿಲಿಗೆ ಕೆಲವು ಸೋರತೊಡಗಿದ್ದವು. ಊರಿಗೆ ಊರೇ ಮುಗ್ಗಿದ ಕೊಬ್ಬಿನಲ್ಲಿ ಮಿಂದಂತಾಯಿತು. ಕಿಟಕಿ ಮುಚ್ಚಿದರೂ ಬರುತ್ತಿತ್ತು, ಹೊದ್ದು ಮಲಗಿದರೂ ಬರುತ್ತಿತ್ತು. ಜೆರೂಷಾ ಕರ್ಪೂರದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಹೊಳ್ಳೆಗೆ ತುರುಕಿಕೊಂಡು, ಬಾಯಲ್ಲಿ ಉಸಿರಾಡುತ್ತ ಓಡಾಡಿದಳು.

ಪಾದ್ರಿಗಳ ಹೆಂಡತಿ ಮಿಸೆಸ್ ವೆಡ್‌ಲೇಕ್ ಬಂದದ್ದು ಆಗಲೇ.

"ಜೆರೂಷಾ, ಪಾಪ ಕಣೇ ಆ ಹುಡುಗ್ರು! ಎರಡು ಕ್ರಿಸ್ಮಸ್ಸಿಗೂ ಸೀಲ್ ಮಾಂಸಾನೇ ತಿಂದ್ರಂತೆ. ರಾತ್ರಿ ಕನಸಲ್ಲಿ ಪುಡ್ಡಿಂಗ್ ಬರ್ತಿತ್ತಂತೆ, ಚಮಚ ಹಾಕೋ ಹೊತ್ತಿಗೆ ಎಚ್ಚರ ಆಗ್ತಿತ್ತಂತೆ. ಶನಿವಾರ ಚರ್ಚಿನ ಹಾಲಲ್ಲಿ ಅವರಿಗೆ ಕ್ರಿಸ್ಮಸ್ ಮಾಡ್ಬಿಡೋಣ. ಪುಡ್ಡಿಂಗ್ ನಿಂದೇ ಆಗ್ಬೇಕು."

"ಲೆಂಟ್ ನಡೀತಿದೆಯಲ್ಲಮ್ಮ? ಉಪವಾಸದ ಕಾಲ."

"ಅವರ ಉಪವಾಸ ಎರಡು ವರ್ಷದ್ದು. ದೇವರು ಸರಿದೂಗಿಸ್ಕೋತಾನೆ ಬಿಡು. ಅದೇನೇ ನಿನ್ ಮೂಗಲ್ಲಿ?"

"ಬಾಗ್ಲು ಹಾಕಿದೀನಮ್ಮ. ಊರು ತೊಳೆಯೋ ತನಕ ತೆಗೆಯೋದಿಲ್ಲ."

ಗುರುವಾರ ಜೆರೂಷಾ ದ್ರಾಕ್ಷಿ ಕಲಸಿಟ್ಟು, ನದಿಯಾಚೆಯ ಬೆಲೆರೀವ್‌ನಲ್ಲಿದ್ದ ತಂಗಿಯ ಮನೆಗೆ ಹೋದಳು. ಆ ದಿನ ನಡೆದದ್ದು ಅವಳಿಗೆ ತಿಳಿದದ್ದು ಆಮೇಲೆ; ನಮಗೆ ಈಗಲೇ ತಿಳಿದರೆ ನಷ್ಟವಿಲ್ಲ. ಮ್ಯೂಸಿಯಮ್ಮಿನ ಹಳೆಯ ಕಬ್ಬಿಣದ ತೊಟ್ಟಿಯ ತಳ ಆ ಬೆಳಿಗ್ಗೆ ಸೀಳಿಹೋಯಿತು. ಸೋರಿ ಒಣಗಿದ್ದ ಒಂದು ಪೀಪಾಯಿಯಲ್ಲಿ ಸೀಲ್ ತಲೆಯೊಂದಿತ್ತು, ಥಿರ್ಕಲ್ಲರು ಪುಸ್ತಕಗಳಲ್ಲೂ ಕಾಣದ ಜಾತಿಯದು. ತಲೆ ಹುಳಬೀಳುವ ಸ್ಥಿತಿಗೆ ಬಂದಿತ್ತು. ಇನ್ನು ಒಂದು ದಿನ ತಡೆದರೆ ಮೂಗಿನ ಎಳೆಯ ಎಲುಬುಗಳು ಕರಗಿ ಹೋಗುತ್ತವೆ ಎಂದು ಡಾಕ್ಟರು ತಮ್ಮ ತಲೆಯನ್ನೇ ಹಿಡಿದುಕೊಂಡು ಕೂತರು. ಈನಾಕನಿಗೆ ಹೊಳೆದದ್ದು ಒಂದೇ: ಖಾಲಿ ಮನೆ, ಖಾಲಿ ಹಂಡೆ. ಗೋಣಿಯಲ್ಲಿ ಸುತ್ತಿ ತಂದ. ದಿನವಿಡೀ ಬೇಯಿಸಿದ. ಕೊಬ್ಬು ತೇಲಿತು, ತೊಗಲು ಕಳಚಿತು, ಕಣ್ಣು ಕಿತ್ತುಬಂತು. ಜೆರೂಷಾ ಮರಳುವ ಮೊದಲೇ ತಲೆಬುರುಡೆಯನ್ನು ಸಾಗಿಸಿ, ಹಂಡೆಗೆ ಮರಳು, ಉಪ್ಪು, ವಿನಿಗರ್ ಹಾಕಿ, ಮುಖ ಕಾಣುವಷ್ಟು ಬೆಳಗಿದ. ಮುಖ ಕಂಡಿತು. ವಾಸನೆ ಕಾಣುವ ವಸ್ತುವಲ್ಲ, ಅದನ್ನು ನೋಡಬೇಕಾದ ಅಂಗ ಅವನಿಗಿರಲಿಲ್ಲ. ಆ ಕೊಬ್ಬು ತಾಮ್ರದ ಬೆಸುಗೆಯ ಸಂದುಗಳಿಗೆ, ಮರದ ಮುಚ್ಚಳದ ನಾರುನಾರಿಗೆ ಇಳಿದಿತ್ತು.

ಶುಕ್ರವಾರ ಜೆರೂಷಾ ಪುಡ್ಡಿಂಗ್ ಗಂಟುಗಳನ್ನು ಅದೇ ಹಂಡೆಗೆ ಇಳಿಬಿಟ್ಟಳು. ಮೂಗಿನ ತುಂಬ ಕರ್ಪೂರ. ಹಂಡೆ ಇಷ್ಟು ಹೊಳೆಯುವುದನ್ನು ಕಂಡು, ಈನಾಕ್ ತನಗೆ ತಿಳಿಸದೆ ಬೆಳಗಿಟ್ಟಿದ್ದಾನೆಂದು ಒಳಗೊಳಗೇ ಕರಗಿದಳು ಕೂಡ.

ಶನಿವಾರ ಚರ್ಚಿನ ಸಭಾಂಗಣದಲ್ಲಿ ಕಾಗದದ ತೋರಣ, ಯುವತಿಯರ ಹಾಡು. ಗಡ್ಡ ಬೋಳಿಸಿ, ಕೆಂಪು ಕೆನ್ನೆಯಲ್ಲಿ ನಾಚುತ್ತ ಕೂತಿದ್ದ ಹಡಗಿನವರ ಮುಂದೆ ಪುಡ್ಡಿಂಗು ಬಂತು. ಬ್ರಾಂದಿ ಸುರಿದು ಬೆಂಕಿ ಹಚ್ಚಿದರು, ಚಪ್ಪಾಳೆ ಬಿತ್ತು. ಹಡಗಿನ ಮೇಸ್ತ್ರಿ ರಡ್, ಎತ್ತಿನಂಥ ಆಳು, ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟ. ಕಣ್ಣು ತೆರೆಯಲಿಲ್ಲ. ಅಗಿಯುವುದನ್ನು ನಿಲ್ಲಿಸಿದ.

"ಹೇಗಿದೆ ಮಿಸ್ಟರ್ ರಡ್?" ಮಿಸೆಸ್ ವೆಡ್‌ಲೇಕ್ ಬಾಗಿ ಕೇಳಿದರು.

"ಅಮ್ಮಾ," ಎಂದ, "ಮನೇಗ್ ಬಂದಂಗಾಯ್ತು."

"ಅಯ್ಯೋ, ಎಷ್ಟು ಚಂದದ ಮಾತು!"

"ಈ ಮನೆ ಅಲ್ಲಮ್ಮಾ. ಆ ಹಿಮದ ಗುಡಿಸ್ಲು."

ಪಕ್ಕದಲ್ಲಿದ್ದ ತೆಳ್ಳಗಿನ ಹುಡುಗನೊಬ್ಬ ತಟ್ಟೆಯನ್ನು ಮೂಸಿ ನೋಡಿದ. "ಸೀಲ್," ಎಂದ, ಮೆಲ್ಲಗೆ. "ಸೀಲೇ ಕಣ್ರೋ." ಎರಡು ವರ್ಷ ಅದನ್ನೇ ನುಂಗಿ, ಅದರಿಂದ ಬಿಡಿಸಿಕೊಳ್ಳುವ ಕನಸಾಗಿ ಪುಡ್ಡಿಂಗನ್ನು ಕಂಡಿದ್ದವನು; ಈಗ ಕನಸಿನೊಳಗೂ ಸೀಲ್ ನುಸುಳಿತ್ತು. ಬಾಯಿಗೆ ಕೈಯಿಟ್ಟುಕೊಂಡು ಹೊರಗೆ ಓಡಿದ. ಅವನ ಹಿಂದೆ ಇನ್ನಿಬ್ಬರು ಓಡಿದರು.

ಊರಿನ ಹೆಂಗಸರ ಪಾಡು ಬೇರೆ. ಅವರಿಗೆ ಸಭ್ಯತೆ ಎಂಬ ಕಾಯಿಲೆಯಿತ್ತು. ಅತಿಥಿಗಳ ಮುಂದೆ ಉಗುಳುವಂತಿಲ್ಲ. ಒಬ್ಬೊಬ್ಬರೂ ಬೆವರುತ್ತ, ಮುಗುಳ್ನಗುತ್ತ ನುಂಗಿದರು. ಮಿಸೆಸ್ ವೆಡ್‌ಲೇಕ್ ಮರ್ಯಾದೆಗಾಗಿ ಎರಡನೆಯ ತುಂಡನ್ನೂ ಹಾಕಿಸಿಕೊಂಡರು. ಅವರ ಪಂಗಡದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಬಲಿದಾನ ಇಲ್ಲ. ಡಾಕ್ಟರ್ ಥಿರ್ಕಲ್ ಒಂದು ಚೂರನ್ನು ನಾಲಿಗೆಯ ಮೇಲೆ ಹೊರಳಿಸಿ, ಏನೋ ನೆನಪಾದವರಂತೆ ಈನಾಕನತ್ತ ನೋಡಿ, ಸುಣ್ಣದಂತೆ ಬಿಳಿಚಿಕೊಂಡರು.

ಇಡೀ ಸಭಾಂಗಣದಲ್ಲಿ ಸಂತೋಷದಿಂದ ತಿನ್ನುತ್ತಿದ್ದವನು ಈನಾಕ್ ಒಬ್ಬನೇ. "ಭಾಳ ಚೆನ್ನಾಗಾಗಿದೆ ಕಣ್ರೀ. ಇನ್ನೊಂದ್ ತುಂಡು ಇದೆಯಾ?" ಎಂದು ತಟ್ಟೆ ಚಾಚಿದ.

ಜೆರೂಷಾ ನಿಧಾನವಾಗಿ ಮೂಗಿನ ಹತ್ತಿ ತೆಗೆದಳು.

ಒಂದೇ ಉಸಿರು. ಅಷ್ಟರಲ್ಲಿ ಅಪ್ಪನ ಅಂಗಿ, ಅಮ್ಮನ ಕೂದಲು, ಸೈಲಸನ ಟ್ರಂಕು ಎಲ್ಲವೂ ಅವಳ ಗಂಟಲಲ್ಲಿ ಎದ್ದು ನಿಂತವು, ತಾನೇ ಕಲಸಿ, ತಾನೇ ಕಟ್ಟಿ, ತಾನೇ ಊರಿಗೆ ಬಡಿಸಿದ್ದ ಪುಡ್ಡಿಂಗಿನಿಂದ. ಕೆಟ್ಟದ್ದು ಎಲ್ಲಿ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಏಪ್ರನ್ ಬಿಚ್ಚಿ ಕುರ್ಚಿಯ ಮೇಲಿಟ್ಟು, ಹಿಂದೆ ತಿರುಗದೆ ಮನೆಗೆ ನಡೆದು, ಕೊಟ್ಟಿಗೆಗೆ ಹೋಗಿ ಹಂಡೆಯೊಳಗೆ ತಲೆಯಿಟ್ಟಳು. ತಲೆ ತೆಗೆದಾಗ ಮದುವೆಯ ವಿಷಯ ಅವಳ ಹೊಟ್ಟೆಯೇ ತೀರ್ಮಾನಿಸಿಬಿಟ್ಟಿತ್ತು. ಆದರೂ ಮನಸ್ಸು ಒಂದು ಸಲ ಕೇಳಿ ನೋಡಲು ಹಟ ಹಿಡಿಯಿತು.

ಭಾನುವಾರ ಪ್ರಾರ್ಥನೆ ಮುಗಿದ ಹೊತ್ತಿಗೆ ಈನಾಕ್ ಗೇಟಿನಾಚೆ ನಿಂತಿದ್ದ. ರಾತ್ರಿ ಮ್ಯೂಸಿಯಮ್ಮಿನ ಕೊಟ್ಟಿಗೆಯಲ್ಲೇ ಮಲಗಿದ್ದನೆಂಬುದು ಅವನ ಅಂಗಿಯಿಂದ ಗೊತ್ತಾಗುತ್ತಿತ್ತು, ಹತ್ತು ಮಾರು ದೂರಕ್ಕೇ.

"ಅಲ್ಲೇ ನಿಂತ್ಕೊಳ್ಳಿ," ಎಂದಳು. "ಗಾಳಿ ಈ ಕಡೆಗಿದೆ."

"ಅಂಥ ತಲೆ ಲೋಕದಲ್ಲೇ ಅದೊಂದು ಜೆರೂಷಾ. ಮೂರು ಜನ ಪ್ರಾಣ ಬಿಟ್ಟಿದಾರೆ ಅಲ್ಲಿ. ಅದು ಕೊಳೆತ್ಹೋದ್ರೆ ಅವರು ಸತ್ತಿದ್ದು ಯಾತಕ್ಕೆ ಅಂತ?"

"ನನ್ ಸೈಲಸ್ ಸತ್ತಿದ್ದು ಯಾತಕ್ಕೆ? ಹಗ್ಗಕ್ಕೆ ಹಚ್ಚೋ ಎಣ್ಣೆಗೆ. ಅವನಿಗೆ ಯಾವ ಬ್ಯಾಂಡು ಬಾರಿಸ್ತು? ಪೆಂಗ್ವಿನ್ ಬೇಯಿಸೋರು ಪಾಪಿಗಳು ಅಂತ ಈ ನಿಮ್ ಡಾಕ್ಟ್ರೇ ಪೇಪರಲ್ಲಿ ಬರೀಲಿಲ್ವಾ? ಎಣ್ಣೆಗೆ ಕೊಂದ್ರೆ ಕಟುಕ್ರು, ಹೆಸರಿಡೋಕೆ ಕೊಂದ್ರೆ ಪಂಡಿತ್ರು. ನಾರೋದು ಮಾತ್ರ ಎರಡೂ ಒಂದೇ ತರ. ಥೂ!"

"ನಾನು ಚೆನ್ನಾಗಿ ಉಜ್ಜಿದ್ದೆ..."

"ನಿಮಗೆ ಮೂಗಿಲ್ಲ. ಆದ್ರೆ ಬಾಯಿತ್ತಲ್ಲ? ಕೇಳ್ಬಹುದಿತ್ತು."

"ಕೇಳಿದ್ರೆ ನೀವು ಬೇಡ ಅಂತಿದ್ರಿ."

"ಹೂಂ. ಅದಕ್ಕೇ ಕೇಳ್ಬೇಕಿತ್ತು."

ಜೆರೂಷಾಳೇ ಮತ್ತೆ ಕೇಳಿದಳು, "ಇನ್ನೂ ಎಷ್ಟಿವೆ ಅಲ್ಲಿ, ತಲೆಗಳು?"

"ಪೀಪಾಯಿ ತುಂಬಾ."

"ಬಿಟ್ಬಿಡ್ತೀರಾ ಆ ಕೆಲಸ? ಬಂದರಲ್ಲಿ ಸೇಬಿನ ಪೆಟ್ಟಿಗೆಗೆ ಮೊಳೆ ಹೊಡೆಯೋಕೆ ಜನ ಬೇಕಂತೆ."

"ನಾನ್ ಬಿಟ್ರೆ ಅವೆಲ್ಲ ಕೊಳೀತವೆ ಜೆರೂಷಾ. ಬೇರೆ ಯಾರೂ ಆ ನಾತದಲ್ಲಿ ನಿಲ್ಲೋದಿಲ್ಲ. ನಿಲ್ಲೋಕೆ ಆಗೋದು ನಂಗೊಬ್ಬನಿಗೇ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಅವನ ಜೊತೆ ವಾಸಕ್ಕೆ ಅವಳ ಮನಸ್ಸು ಒಪ್ಪಿತ್ತು; ಅಡ್ಡ ಬಂದದ್ದು ವಾಸನೆ, ಅದಕ್ಕಿಂತ ಹೆಚ್ಚಾಗಿ ಆ ಕೇಳದ ಮಾತು.

"ಹಾಗಾದ್ರೆ ಹಂಡೆ ತಗೊಂಡ್ಹೋಗಿ," ಎಂದಳು. "ನಂಗೆ ಇನ್ನು ಅದರಲ್ಲಿ ಒಂದು ಕರವಸ್ತ್ರಾನೂ ಅದ್ದೋಕಾಗಲ್ಲ. ನಿಮ್ ತೊಟ್ಟಿ ಹೇಗೂ ಒಡ್ದಿದೆ. ಮದುವೆ ಅದರ ಜೊತೇಗೇ ಆಗಿ. ಅದು ಮೂಸಿ ನೋಡಲ್ಲ, ಮುನಿಸ್ಕೊಳ್ಳೋದೂ ಇಲ್ಲ."

ಒಲೆಯ ಇಟ್ಟಿಗೆ ಕೆಡವಿ, ಹಂಡೆಯನ್ನು ಕೈಗಾಡಿಯ ಮೇಲೆ ಬೋರಲು ಹಾಕಿ ಅವನು ತಳ್ಳಿಕೊಂಡು ಹೋದ. ಬೀದಿಯ ಹೆಂಗಸರು ಕಿಟಕಿಯಿಂದ ನೋಡಿದರು. ಮದುವಣಗಿತ್ತಿಯನ್ನು ಕರೆದೊಯ್ಯುವವನ ಹಾಗೆ ತಲೆ ತಗ್ಗಿಸಿದ್ದ ಎಂದು ಎದುರು ಮನೆಯವಳು ಆಮೇಲೆ ನಕ್ಕಳು. ಜೆರೂಷಾ ನಗಲಿಲ್ಲ.

ಕೆಲವು ವಾರ ವಕೀಲರ ಕಾಲರು ಬೇರೆ ಕಡೆ ಹೋದವು. ಅವಳು ಎರಕದ ಕಬ್ಬಿಣದ ಕಡಾಯಿ ಕೂರಿಸಿಕೊಂಡು ಮೊದಲು ಮಿಸೆಸ್ ವೆಡ್‌ಲೇಕರ ಮೇಜುಬಟ್ಟೆಯನ್ನು ಬಿಟ್ಟಿಯಾಗಿ ಒಗೆದುಕೊಟ್ಟಳು, ಅವರು ಮೂಸಿ, ಊರಿಗೆ ಸಾಕ್ಷಿ ನುಡಿದರು, ಕಾಲರುಗಳು ಮರಳಿದವು. ಈನಾಕ್ ಆ ಚಳಿಗಾಲವಿಡೀ ಹಂಡೆಯಲ್ಲಿ ಪೀಪಾಯಿಗಳನ್ನು ಖಾಲಿಮಾಡಿದ. ತಲೆಬುರುಡೆಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತವು. ದೂರದೂರದ ವಿದ್ವಾಂಸರು ಬಂದು ಹಲ್ಲು ಎಣಿಸಿದರು, ದವಡೆ ಅಳೆದರು, ದಪ್ಪ ಪುಸ್ತಕ ಬರೆದರು. ಆ ಹೊಸ ಜಾತಿಗೆ ಥಿರ್ಕಲ್ಲರ ಹೆಸರೇ ಬಿತ್ತು. ನೋಡಲು ಬನ್ನಿರೆಂದು ಅವರು ಜೆರೂಷಾಳಿಗೂ ಹೇಳಿಕಳಿಸಿದರು. "ನಾನದನ್ನ ಊರಿಗೇ ಬಡಿಸಿಯಾಗಿದೆ, ಮತ್ತೆ ನೋಡೋದೇನು?" ಎಂದು ಅವಳು ಹೋಗಲಿಲ್ಲ.

ವಸಂತದಲ್ಲಿ ಒಂದು ಬೆಳಿಗ್ಗೆ ಗೇಟಿಗೆ ಬಟ್ಟೆಯ ಗಂಟೊಂದು ನೇತುಬಿದ್ದಿತ್ತು. ಬಿಚ್ಚುವ ಮೊದಲೇ ಯಾರದೆಂದು ತಿಳಿಯಿತು. ಬೀದಿಯ ಕೊನೆಯಲ್ಲಿ, ಗಾಳಿಗೆ ಓರೆಯಾಗಿ, ಈನಾಕ್ ನಿಂತಿದ್ದ.

"ಗಿರಾಕಿಯಾಗಿ ಬಂದಿದೀನಿ," ಎಂದು ಅಲ್ಲಿಂದಲೇ ಕೂಗಿದ. "ಬೇರೆ ಯಾರೂ ಮುಟ್ತಿಲ್ಲ."

"ಬಟ್ಟೆ ಬರ್ಲಿ," ಎಂದು ಇವಳೂ ಕೂಗಿದಳು. "ಅದರೊಳಗಿರೋರು ಬರೋದ್ ಬೇಡ."

ಇಕ್ಕಳದಲ್ಲಿ ಹಿಡಿದು ಕಡಾಯಿಗೆ ಹಾಕಿದಳು. ಮೇಲೆ ಜಿಡ್ಡು ತೇಲಿತು. ಮುಖ ಸಿಂಡರಿಸಿಕೊಂಡೇ ಸೋಡ ಹಾಕಿದಳು, ಕುದಿಸಿದಳು, ನೀರು ಚೆಲ್ಲಿದಳು, ಮತ್ತೆ ಕುದಿಸಿದಳು. ಒಣಗಿ ಬಂದ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವಾಗ, ಅಭ್ಯಾಸದಂತೆ ಕಾಲರನ್ನು ಮೂಗಿನ ಹತ್ತಿರ ತಂದಳು.

ಸೀಲ್ ಇರಲಿಲ್ಲ. ಕಾರ್ಬಾಲಿಕ್ ಸೋಪೂ ಇರಲಿಲ್ಲ. ಏನೇನೂ ಇರಲಿಲ್ಲ, ಈನಾಕನೂ ಇರಲಿಲ್ಲ. ಬೇರೆಯವರ ಅಂಗಿಯಲ್ಲಾದರೆ ಇದಕ್ಕಾಗಿ ಅವಳು ಹೆಮ್ಮೆಪಡುತ್ತಿದ್ದಳು. ಈಗ ಮಾತ್ರ, ಇಷ್ಟು ವರ್ಷ ಯಾವ ಕೊಬ್ಬಿಗೂ ಬಾರದ ಒಂದು ಬಗೆಯ ಹೇಸಿಗೆ, ತನ್ನದೇ ಕೈಯ ಮೇಲೆ ಬಂತು. ಅಂಗಿಯನ್ನು ನಾಲ್ಕು ಮಡಿಕೆ ಮಾಡಿ, ಕಾಗದದಲ್ಲಿ ಸುತ್ತಿ, ಗೇಟಿಗೆ ಕಟ್ಟಿ ಒಳಗೆ ಹೋದಳು. ಮರುವಾರವೂ ಗಂಟು ಬಂತು, ಮರುವಾರವೂ ಒಗೆದಳು.